ತೋಳು ಮುಟ್ಟಿದ್ದಕ್ಕೆ ಗಲಾಟೆಯಾದ ಆ ಹಾಡು

ಮೈಬಣ್ಣದ ತಾರತಮ್ಯದ ಬಗ್ಗೆ ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಯಾವಾಗ, ಹೇಗೆ ಹೇಳಬೇಕು ಅಂತ ಮೊನ್ನೆ ಇಲ್ಲಿ ಚರ್ಚೆ ನಡೆದಿತ್ತಲ್ಲ, ಅದಕ್ಕೆ ನನ್ನದೊಂದು ಸಲಹೆ. ಭಾಷಣ ಬೇಡ. 1968ರ ಒಂದು ಟಿವಿ ಹಾಡು ತೋರಿಸಿ.

ಪೆಟುಲಾ ಕ್ಲಾರ್ಕ್ ‘ಡೌನ್‌ಟೌನ್’ ಹಾಡಿದ ಇಂಗ್ಲೆಂಡಿನ ಗಾಯಕಿ. ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಕ್ಕಿಲ್ಲ. ಆದರೆ ನಮ್ಮ ಬೀದಿಯ ಎಪ್ಪತ್ತು ದಾಟಿದ ಅಮೆರಿಕನ್ ಅಜ್ಜ ಅಜ್ಜಿಯರ ಮುಂದೆ ಆ ಹೆಸರು ಎತ್ತಿ ನೋಡಿ, ಮಾತು ನಿಲ್ಲುವುದೇ ಇಲ್ಲ. ಮನೆಮಂದಿಯೆಲ್ಲ ಒಂದೇ ಟಿವಿ ಮುಂದೆ ಕೂರುತ್ತಿದ್ದ ಕಾಲ. ಪೆಟುಲಾ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದಿದ್ದ ಗಾಯಕ ಹ್ಯಾರಿ ಬೆಲಫಾಂಟೆಯ ದನಿ ಈಗಲೂ ಅವರ ಕಿವಿಯಲ್ಲಿದೆಯಂತೆ.

ಇಲ್ಲಿನ ಎನ್‌ಬಿಸಿ ಟಿವಿ ಚಾನೆಲ್‌ನಲ್ಲಿ ಪೆಟುಲಾ ಹೆಸರಲ್ಲೇ ಬಂದ ವಿಶೇಷ ಕಾರ್ಯಕ್ರಮ ಅದು. ದುಡ್ಡು ಹಾಕಿದ್ದು ಕ್ರೈಸ್ಲರ್‌ನ ಪ್ಲಿಮತ್ ಕಾರಿನವರು. ಯುದ್ಧದ ವಿರುದ್ಧ ಪೆಟುಲಾ ತಾವೇ ಬರೆದ ಹಾಡನ್ನು ಇಬ್ಬರೂ ಹಾಡುತ್ತಿದ್ದಾಗ, ಅವರು ಬೆಲಫಾಂಟೆಯ ತೋಳು ಹಿಡಿದರು. ಅಷ್ಟೇ! ಬಿಳಿ ಹೆಂಗಸು, ಕಪ್ಪು ಗಂಡಸು. ದಕ್ಷಿಣದ ರಾಜ್ಯಗಳ ಜನ ಏನಂದುಕೊಳ್ಳುತ್ತಾರೋ ಅಂತ ಕಾರು ಕಂಪನಿಯ ಜಾಹೀರಾತು ಅಧಿಕಾರಿಗೆ ಭಯ. ಇಬ್ಬರೂ ದೂರ ನಿಂತು ಹಾಡಿದ ಬೇರೆ ಟೇಕ್ ಹಾಕಿ ಅಂತ ಪಟ್ಟು ಹಿಡಿದ. ಪೆಟುಲಾ ಮತ್ತು ಅವರ ಗಂಡ ಕ್ಲಾಡ್ ವುಲ್ಫ್ ಸುಮ್ನೆ ವಾದ ಮಾಡುತ್ತಾ ಕೂರಲಿಲ್ಲ. ಉಳಿದ ಟೇಕ್‌ಗಳನ್ನೆಲ್ಲ ಇಲ್ಲವಾಗಿಸಿಬಿಟ್ಟರು. ಹಾಕಿದರೆ ಇದನ್ನೇ ಹಾಕಬೇಕು! ಈ ಕಿಲಾಡಿತನ ನನಗೆ ಹಾಡಿಗಿಂತ ಇಷ್ಟ.

ಏಪ್ರಿಲ್ 8ರಂದು ಅದು ಪ್ರಸಾರವಾಯಿತು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಬರೀ ನಾಲ್ಕು ದಿನ. ಬೆಲಫಾಂಟೆ ಕಿಂಗ್ ಅವರ ಆಪ್ತ ಗೆಳೆಯ. 1967ರ ಜೂನ್‌ವರೆಗೂ ಇಲ್ಲಿನ 16 ರಾಜ್ಯಗಳಲ್ಲಿ ಕರಿಯರು ಬಿಳಿಯರು ಮದುವೆಯಾಗುವುದೇ ಅಪರಾಧವಾಗಿತ್ತು. ನಮ್ಮ ಹಿರಿಯರನ್ನು ಈ ದೇಶಕ್ಕೆ ಬಿಟ್ಟುಕೊಂಡ 1965ರ ವಲಸೆ ಕಾನೂನು ಪೂರ್ತಿ ಜಾರಿಗೆ ಬಂದದ್ದೂ 1968ರ ಜುಲೈನಲ್ಲೇ. ಅವರು ಬಂದಿಳಿದದ್ದು ಎಂಥ ಅಮೆರಿಕಕ್ಕೆ ಅಂತ ಮಕ್ಕಳಿಗೆ ಗೊತ್ತಾಗಬೇಕು, ಅಲ್ವಾ?

ಬೆಲಫಾಂಟೆಯೂ ವಲಸೆ ಬಂದವರ ಮಗನೇ. ಹುಟ್ಟಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಚಿಕ್ಕಂದಿನಲ್ಲಿ ಕೆಲವು ವರ್ಷ ಜಮೈಕಾದ ಅಜ್ಜಿ ಮನೆಯಲ್ಲಿ ಬೆಳೆದರು. ರಾತ್ರಿಯಿಡೀ ಹಡಗಿಗೆ ಬಾಳೆಗೊನೆ ತುಂಬುವ ಕೂಲಿಗಳ ‘ಡೇ-ಓ’ ಹಾಡು ಅದೇ ಜಮೈಕಾದ್ದು. 1956ರಲ್ಲಿ ಅವರ ಆಲ್ಬಮ್ ಮೂಲಕ ಅದು ಜಗತ್ತಿಗೆಲ್ಲ ಹರಡಿತು. ಬೇಸಿಗೆ ರಜೆಗೆ ಮಕ್ಕಳನ್ನು ಊರಿಗೆ ಕಳಿಸುವುದು ದಂಡ ಅನ್ನುವವರು ಸ್ವಲ್ಪ ಇದನ್ನು ಓದಿ!

ತೋರಿಸುವ ಮೊದಲು ಏನೂ ಹೇಳಬೇಡಿ. ಇದರಲ್ಲಿ ಗಲಾಟೆ ಆಗಿದ್ದು ಯಾಕೆ, ಹುಡುಕು ಅಂತಷ್ಟೇ ನನ್ನ ಮಗಳಿಗೆ ಹೇಳಿದೆ. ಎಷ್ಟು ನೋಡಿದರೂ ಅವಳಿಗೆ ಸಿಗಲಿಲ್ಲ. ಕಾರಣ ಹೇಳಿದಾಗ ನಕ್ಕಳು, ಆಮೇಲೆ ಸಿಟ್ಟಾದಳು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ‘ಮತ್ತೆ ಅಜ್ಜಿ ಫೋನ್ ಮಾಡಿದಾಗಲೆಲ್ಲ ಬಿಸಿಲಲ್ಲಿ ಆಡಬೇಡ, ಕಪ್ಪಗಾಗ್ತೀಯ ಅಂತಾರಲ್ಲ, ಅದೇನು?’ ಅಂತ ಕೇಳಿದಳು.

ಅಜ್ಜಿಯನ್ನು ಬಿಟ್ಟುಕೊಡುವ ಹಾಗಿಲ್ಲ, ಮಾತನ್ನು ಸಮರ್ಥಿಸುವ ಹಾಗೂ ಇಲ್ಲ. ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೇಳುತ್ತೀರಿ?