ಮೆರವಣಿಗೆ ಮುಗೀತು, ಕಿವಿಯಲ್ಲಿ ಗುಂಯ್ ನಿಂತಿಲ್ಲ: ಇಎನ್‌ಟಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಗಣೇಶನ ವಿಸರ್ಜನೆ ಆದಾಗಿನಿಂದ ಗ್ರೂಪಿನಲ್ಲಿ ಕಿವಿ ಗುಂಯ್‌ಗುಡುವ ಪೋಸ್ಟ್‌ಗಳೇ ಬರ್ತಿವೆ. ನಮ್ಮ ಗ್ರೂಪಿನ ಇಎನ್‌ಟಿ ಡಾಕ್ಟರ್ ಮೇಡಂ ಇವತ್ತು ಸಂಜೆ ಉತ್ತರ ಕೊಡ್ತಾರೆ. ಹೆಸರು ಬೇಡ, ಊರು ಹಾಕಿ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ತುಮಕೂರು: ಮೇಡಂ, ನಿನ್ನೆ ರಾತ್ರಿ ಡಿಜೆ ಹತ್ರ ಒಂದು ಗಂಟೆ ಇದ್ದೆ. ಬೆಳಗ್ಗೆಯಿಂದ ಎರಡೂ ಕಿವೀಲಿ ಕುಂಯ್ ಅಂತಿದೆ. ಹೆದರಬೇಕಾ?

ಡಾಕ್ಟರ್: ಮಾತು ಮೊದಲಿನ ಹಾಗೇ ಕೇಳಿಸ್ತಿದ್ದು, ನೋವು, ಸೋರಿಕೆ, ತಲೆಸುತ್ತು ಯಾವುದೂ ಇಲ್ಲದಿದ್ದರೆ ಹೆದರಬೇಡಿ. ಜೋರು ಸದ್ದಿಗೆ ಒಳಗಿವಿಯಲ್ಲಿ ಸದ್ದು ಹಿಡಿಯುವ ಸೂಕ್ಷ್ಮ ರೋಮಕೋಶಗಳು ದಣಿದಿವೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಅಲ್ಲಿವರೆಗೆ ಇಯರ್‌ಫೋನ್ ಬೇಡ, ಇನ್ನೊಂದು ಮೆರವಣಿಗೆಯೂ ಬೇಡ. ಕೋಣೆ ತೀರಾ ನಿಶ್ಶಬ್ದವಾಗಿದ್ದರೆ ಗುಂಯ್ ದೊಡ್ಡದಾಗಿ ಕೇಳುತ್ತೆ, ರಾತ್ರಿ ಫ್ಯಾನ್ ಹಾಕಿಕೊಂಡು ಮಲಗಿ. ಎರಡು ದಿನ ಕಳೆದೂ ನಿಲ್ಲದಿದ್ದರೆ ಆಡಿಯೋಮೆಟ್ರಿ, ಅಂದರೆ ಎಷ್ಟು ಕೇಳಿಸುತ್ತೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿ.

ಮಂಡ್ಯ: ನಂಗೂ ಅದೇ ಮೇಡಂ. ಯಾವ ಮಾತ್ರೆ ತಗೋಬೇಕು?

ಡಾಕ್ಟರ್: ಮೇಲಿನ ಉತ್ತರವೇ. ಮಾತ್ರೆ ಇಲ್ಲ.

ಕೋಲಾರ: ಮೆಡಿಕಲ್ ಶಾಪಿನವರು ಗಿಂಕೊ ಮಾತ್ರೆ ಕೊಟ್ರು. ಕಿವಿಯ ರಕ್ತಸಂಚಾರಕ್ಕೆ ಒಳ್ಳೇದಂತೆ?

ಡಾಕ್ಟರ್: ಗುಂಯ್ ಕಡಿಮೆ ಮಾಡುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೋತಿರೋರು ಅದನ್ನ ಮುಟ್ಟಲೇಬೇಡಿ.

ಹುಬ್ಬಳ್ಳಿ: ನಮಸ್ಕಾರ್ರೀ ಮೇಡಂ. ವಯಸ್ಸು 24. ನಾಕು ದಿನದ ಹಿಂದ ಮೆರವಣಿಗ್ಯಾಗ ಬಾಕ್ಸ್ ಮುಂದ ಕುಣ್ಯಾಕತ್ತಿದ್ದೆ, ಎಡಗಿವಿ ಬಾಕ್ಸಿನ ಕಡೆ ಇತ್ತು. ಅವತ್ತಿಂದ ಎಡಗಿವ್ಯಾಗ ಸೀಟಿ ಹೊಡದಂಗ ಸಪ್ಪಳ. ಕಿವಿ ಬಂದ್ ಆದಂಗ ಐತಿ. ಫೋನ್ ಎಡಗಿವಿಗೆ ಹಿಡದ್ರ ಮಾತು ತಿಳಿಯವಲ್ದು, ಬಲಗಿವಿಗೆ ಹಿಡದ್ರ ಸರಿ. ಇಲ್ಲೇ ಒಬ್ಬರಿಗೆ ತೋರಿಸಿದ್ರ ಗುಗ್ಗಿ ತುಂಬೇತಿ ಅಂತ ಹನಿ ಕೊಟ್ಟಾರ್ರೀ.

ಡಾಕ್ಟರ್: ಒಂದು ನಿಮಿಷ. ಬಾಯಿ ಮುಚ್ಚಿಕೊಂಡು ‘ಮ್‌ಮ್’ ಅಂತ ಉದ್ದಕ್ಕೆ ಗುನುಗಿ. ಆ ಸದ್ದು ಯಾವ ಕಿವಿಯಲ್ಲಿ ಜೋರು ಕೇಳುತ್ತೆ? ನೋಡಿ ತಕ್ಷಣ ಬರೀರಿ.

ಶಿರಸಿ: ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ರಾತ್ರಿ ಎರಡು ಹನಿ ಬಿಡಿ, ಮೂರು ದಿನಕ್ಕೆ ಗುಣ. ನಮ್ಮ ಅಜ್ಜಿ ಕಾಲದ್ದು. ಗೊತ್ತಿದ್ದವರಿಗೆಲ್ಲ ಕಳಿಸಿ.

ಹುಬ್ಬಳ್ಳಿ: ಬಲಗಿವ್ಯಾಗ್ರೀ. ಮೂರ್ ಸಲ ನೋಡಿದೆ.

ಡಾಕ್ಟರ್: ಹಾಗಾದರೆ ಪೂರ್ತಿ ಓದಿ. ಗುಗ್ಗೆಯಿಂದ ಕಿವಿ ಮುಚ್ಚಿದ್ದರೆ ಗುನುಗಿದ ಸದ್ದು ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಬೇಕು. ನಂಬಿಕೆ ಬರದಿದ್ದರೆ ಯಾರಾದರೂ ಈಗಲೇ ಒಂದು ಕಿವಿಗೆ ಬೆರಳಿಟ್ಟು ಗುನುಗಿ ನೋಡಿ. ನಿಮ್ಮದು ಚೆನ್ನಾಗಿರೋ ಕಿವಿಗೆ ಹೋಗ್ತಿದೆ. ಅಂದರೆ ತೊಂದರೆ ಒಳಗಿವಿಯಲ್ಲಿ ಅಥವಾ ನರದಲ್ಲಿ ಇರುವ ಸಾಧ್ಯತೆ ಹೆಚ್ಚು. ಇದು ಮನೆಯಲ್ಲಿ ಮಾಡೋ ಪರೀಕ್ಷೆ, ಖಾತ್ರಿ ಅಲ್ಲ. ಆದರೆ ನಾಲ್ಕು ದಿನ ಆಗಿದೆ, ಒಂದೇ ಕಿವಿ, ಮಾತೂ ತಿಳೀತಿಲ್ಲ. ಇಷ್ಟು ಸಾಕು, ನಾನು ಕಾಯಲ್ಲ.

ನಾಳೆ ಬೆಳಗ್ಗೆ ಆಡಿಯೋಮೆಟ್ರಿ ಇರುವ ಆಸ್ಪತ್ರೆಗೆ ಹೋಗಿ. ಚೀಟಿ ಮಾಡಿಸುವಾಗ ‘ಕಿವಿ ಗುಂಯ್ ಅಂತಿದೆ’ ಅನ್ನಬೇಡಿ, ಒಂದು ವಾರ ಬಿಟ್ಟು ಬನ್ನಿ ಅಂತಾರೆ. ‘ಒಂದು ಕಿವಿ ದಿಢೀರ್ ಕೇಳಿಸ್ತಿಲ್ಲ’ ಅನ್ನಿ. ಇದಕ್ಕೆ ಕೊಡುವುದು ಸ್ಟಿರಾಯ್ಡ್. ಬೇಗ ಶುರುವಾದಷ್ಟೂ ಫಲ ಜಾಸ್ತಿ. ಎರಡು ವಾರ ದಾಟಿದ ಮೇಲೆ ಫಲ ತುಂಬಾ ಕಡಿಮೆ. ಸದ್ದಿನಿಂದಾದ ಹಾನಿಗೆ ಅದು ಖಂಡಿತ ಕೆಲಸ ಮಾಡುತ್ತೆ ಅಂತ ನಾನು ಮಾತು ಕೊಡಲ್ಲ. ಆದರೆ ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ, ಹಾಗಾಗಿ ಇರುವ ಅವಕಾಶ ಬಿಡಬಾರದು. ಶುಗರ್, ಹೊಟ್ಟೆ ಹುಣ್ಣು, ಟಿಬಿ ಇದ್ದರೆ ಮೊದಲೇ ಹೇಳಿ. ಡೋಸ್ ಇಲ್ಲಿ ಬರೆಯಲ್ಲ, ಬರೆದರೆ ನಾಳೆ ಅದೇ ಫಾರ್ವರ್ಡ್ ಆಗುತ್ತೆ. ಹನಿ ನಿಲ್ಲಿಸಿ.

ಹುಬ್ಬಳ್ಳಿ: ನಾಳೆ ಡ್ಯೂಟಿ ಐತ್ರೀ. ಐತವಾರ ಹೋದ್ರ ನಡಿತೈತೇನ್ರಿ?

ಡಾಕ್ಟರ್: ಇಲ್ಲ.

ಇಳಕಲ್: ನಮ್ಮಪ್ಪಗ 20 ವರ್ಷ ಗ್ರಾನೈಟ್ ಕಟಿಂಗ್ ಕೆಲಸ. ಎರಡೂ ಕಿವ್ಯಾಗ ಸಪ್ಪಳ, ಟಿವಿ ಜೋರ್ ಇಟ್ರೂ ಕೇಳ್ಸುದಿಲ್ಲ. ಇಎಸ್‌ಐ ಐತಿ. ಪರಿಹಾರ ಏನರ ಸಿಗತೈತೇನ್ರಿ?

ಶಿರಸಿ: ನನ್ನ ಎಣ್ಣೆಗೆ ಮೇಡಂ ಉತ್ತರ ಕೊಡಲಿಲ್ಲ. ಅಲೋಪತಿಯವರಿಗೆ ನಮ್ಮ ಹಿತ್ತಲ ಮದ್ದು ರುಚಿಸೋದಿಲ್ಲ.

ಡಾಕ್ಟರ್: ಸದ್ದಿನ ಪೆಟ್ಟು ಬಿದ್ದಿರೋದು ಕಿವಿ ಪರದೆಯ ಆಚೆ ಒಳಗಿವಿಗೆ. ಎಣ್ಣೆ ಪರದೆ ದಾಟಿ ಅಲ್ಲಿಗೆ ಹೋಗಲ್ಲ. ಪಟಾಕಿಯಿಂದ ಪರದೆ ಹರಿದಿದ್ದರೆ ಎಣ್ಣೆ ಒಳಗಿಳಿದು ಸೋಂಕು, ಕೀವು. ಈರುಳ್ಳಿ ರಸ, ತುಳಸಿ ರಸ, ಹೈಡ್ರೋಜನ್ ಪೆರಾಕ್ಸೈಡ್, ಕಿವಿಯಲ್ಲಿ ಮೇಣದ ಬತ್ತಿ ಹಚ್ಚೋದು, ಎಲ್ಲಕ್ಕೂ ಇದೇ ಉತ್ತರ. ಒಂದೊಂದನ್ನೇ ಮತ್ತೆ ಕೇಳಬೇಡಿ.

ಗದಗ: ಅಂಗೈಲೆ ಕಿವಿ ಮುಚ್ಚಿ ತಲೆ ಹಿಂದ ಬೆರಳ್ಲೆ ಬಡ್ಕೊಂಡ್ರ ಸಪ್ಪಳ ನಿಂದರತೈತಿ ಅಂತ ವಿಡಿಯೊ ಬಂದೈತಿ. ಖರೆ ಏನ್ರಿ?

ಡಾಕ್ಟರ್: ಬಡ್ಕೊಳ್ಳಿ. ಅಪಾಯ ಇಲ್ಲ, ಎರಡು ನಿಮಿಷ ಕಡಿಮೆ ಆದ ಹಾಗೆ ಅನಿಸಲೂಬಹುದು. ಕಿವಿ ಕೇಳಿಸದವರು ಅದನ್ನೇ ಮಾಡ್ತಾ ವಾರ ಕಳೆದರೆ ಆಗ ಅಪಾಯ.

ಬೆಂಗಳೂರು: ಡಿಜೆನೇ ಬ್ಯಾನ್ ಮಾಡ್ಬೇಕು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧ ಅಂತಿದೆ. ಯಾರು ಕೇಳ್ತಾರೆ?

ದಾವಣಗೆರೆ: ಅರ್ಧ ಓದಿ ಕಾನೂನು ಹೇಳ್ಬೇಡಿ ಸ್ವಾಮಿ. ಹಬ್ಬಕ್ಕೆ 12 ಗಂಟೆವರೆಗೆ ಸರ್ಕಾರ ಅನುಮತಿ ಕೊಡಬಹುದು, ವರ್ಷಕ್ಕೆ 15 ದಿನ ಮೀರದ ಹಾಗೆ. ನಮ್ಮ ಹಬ್ಬ ಬಂದಾಗ ಮಾತ್ರ ನಿಮ್ಮ ಕಿವಿ ನೋಯುತ್ತಾ?

ಬೆಂಗಳೂರು: 12 ಅಂತ ನೀವೇ ಹೇಳಿದ್ರಿ. ನಮ್ಮ ಬೀದೀಲಿ ಎರಡೂವರೆಗೆ ಕಿಟಕಿ ಗಾಜು ನಡುಗ್ತಿತ್ತು.

ದಾವಣಗೆರೆ: ಹಂಗಾದ್ರೆ ಕಾಡಿಗೆ ಹೋಗಿ ಇರಿ.

ಶಿವಮೊಗ್ಗ: ಜಗಳ ಬಿಡ್ರಪ್ಪ. ಡಿಜೆ ಬದಲು ಡೊಳ್ಳು ಕುಣಿತ ತರಿಸಿ, ಸಂಸ್ಕೃತಿನೂ ಉಳೀತು, ಕಿವೀನೂ ಉಳೀತು.

ಡಾಕ್ಟರ್: ಡೊಳ್ಳಿನ ಪಕ್ಕದಲ್ಲೇ ನಿಂತರೆ ಕಿವಿ ಉಳಿಯುತ್ತೆ ಅಂತ ಯಾರು ಹೇಳಿದ್ದು? 85 ಡೆಸಿಬಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನೋದು ಒಂದು ಲೆಕ್ಕ. ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧ ಆಗುತ್ತೆ. 100ಕ್ಕೆ ಉಳಿಯೋದು 15 ನಿಮಿಷ. ಸದ್ದು ಯಾವ ವಾದ್ಯದ್ದು, ಯಾವ ಹಬ್ಬದ್ದು ಅಂತ ಕಿವಿ ನೋಡಲ್ಲ. ಡೊಳ್ಳು ಬಾರಿಸೋರೂ ಡಿಜೆ ಹುಡುಗರೂ ಫೋಮ್ ಇಯರ್‌ಪ್ಲಗ್ ಹಾಕಲಿ. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಕಿವಿಯನ್ನ ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಅದು ಉಬ್ಬೋವರೆಗೆ ಬೆರಳಲ್ಲಿ ಒತ್ತಿ ಹಿಡೀರಿ. ಹತ್ತಿ ಪ್ರಯೋಜನಕ್ಕೆ ಬರಲ್ಲ.

ಚಿಕ್ಕಮಗಳೂರು: ಮೇಡಂ, ಮಗನಿಗೆ 9 ವರ್ಷ. ಕಿವಿ ಪಕ್ಕದಲ್ಲೇ ಪಟಾಕಿ ಸಿಡೀತು. ಒಂದು ಹನಿ ರಕ್ತ ಬಂತು, ಈಗ ನಿಂತಿದೆ.

ಡಾಕ್ಟರ್: ಪರದೆ ಹರಿದಿರಬಹುದು. ನಾಳೆಯೇ ತೋರಿಸಿ. ಕಿವಿಗೆ ನೀರು, ಹನಿ, ಎಣ್ಣೆ, ಬಡ್ಸ್ ಏನೂ ಬೇಡ. ಮೂಗು ಜೋರಾಗಿ ಸೀಟೋದು ಬೇಡ. ಸಣ್ಣ ಹರಕು ಕೆಲವು ವಾರದಲ್ಲಿ ತಾನಾಗಿ ಕೂಡಿಕೊಳ್ಳೋದೇ ಹೆಚ್ಚು. ಕೇಳಿಸೋದನ್ನೂ ಪರೀಕ್ಷೆ ಮಾಡಿಸಿ.

ಹಾಸನ: ಮೇಡಂ ನಿನ್ನೆಯಿಂದ ಕಿವಿ ಗುಂಯ್ ಅಂತಿದೆ, ಏನ್ ಮಾಡ್ಲಿ?

ಡಾಕ್ಟರ್: ಮೊದಲ ಉತ್ತರ ಓದಿ.

ಉಡುಪಿ: ಮೇಡಂ, ನನಗೆ ಮದುವೆ ಮನೆಯ ಸ್ಪೀಕರಿನಿಂದ ಶುರುವಾಗಿ ಎರಡು ತಿಂಗಳಾಯ್ತು. ಆಡಿಯೋಮೆಟ್ರಿ ನಾರ್ಮಲ್. ‘ಇದಕ್ಕೆ ಏನೂ ಮಾಡಲಿಕ್ಕೆ ಆಗುವುದಿಲ್ಲ’ ಅಂತ ಕಳಿಸಿದ್ರು. ನಿದ್ದೆ ಇಲ್ಲ. ಇಡೀ ದಿನ ಅದನ್ನೇ ಕೇಳ್ತಾ ಕೂತಿರ್ತೇನೆ.

ಡಾಕ್ಟರ್: ಏನೂ ಆಗಲ್ಲ ಅನ್ನೋದು ತಪ್ಪು. ಸದ್ದನ್ನ ಅಳಿಸುವ ಮಾತ್ರೆ ಇಲ್ಲ, ಅಷ್ಟೇ. ಅದು ಇದ್ದರೂ ಮನಸ್ಸು ಅದರ ಕಡೆ ಹೋಗದ ಹಾಗೆ ಮಾಡಬಹುದು, ತಿಂಗಳುಗಳು ಹಿಡಿಯುತ್ತೆ. ಇದೆಯಾ ಇಲ್ಲವಾ ಅಂತ ಗಂಟೆಗೊಮ್ಮೆ ಪರೀಕ್ಷಿಸೋದು ನಿಲ್ಲಿಸಿ. ಫ್ಯಾನು, ಮಳೆ ಸದ್ದು, ಮೆಲ್ಲಗೆ ರೇಡಿಯೊ ಏನಾದರೂ ಇರಲಿ, ಗುಂಯ್ ಮುಳುಗಿಸುವಷ್ಟು ಜೋರು ಬೇಡ. ಮನೆಯೊಳಗೂ ಇಯರ್‌ಪ್ಲಗ್ ಹಾಕಿ ಕೂರಬೇಡಿ, ಕಿವಿ ಇನ್ನೂ ಸೂಕ್ಷ್ಮ ಆಗುತ್ತೆ. ಸಿಬಿಟಿ ಅನ್ನೋ ಸಮಾಲೋಚನೆ ಕೆಲಸ ಮಾಡುತ್ತೆ, ಕೇಳಿ ಪಡೀರಿ. ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ. ಬದುಕೇ ಬೇಡ ಅನಿಸೋಕೆ ಶುರುವಾದರೆ ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ.

ಶಿರಸಿ: ಎಣ್ಣೆ ಬಿಟ್ಟು ಗುಣ ಆದವರು ನಮ್ಮೂರಲ್ಲೇ ಇದ್ದಾರೆ.

ಡಾಕ್ಟರ್: ಎರಡು ದಿನದಲ್ಲಿ ತಾನಾಗಿ ಇಳಿಯೋದನ್ನ ಮೂರು ದಿನದ ಎಣ್ಣೆ ಇಳಿಸಿತು ಅಂತೀರಿ. ಇನ್ನು ನಿಮಗೆ ಉತ್ತರ ಕೊಡಲ್ಲ.

ದಾವಣಗೆರೆ: ಮೇಡಂಗೆ ಸಿಟ್ಟು ಜಾಸ್ತಿ.

ಹುಬ್ಬಳ್ಳಿ (ಮರುದಿನ ಮಧ್ಯಾಹ್ನ): ರಜಾ ಹಾಕಿ ಹೋಗಿದ್ದೆ. ಗುಗ್ಗಿ ಇಲ್ಲಂತ್ರೀ. ಆಡಿಯೋಮೆಟ್ರಿ ಚೀಟ್ಯಾಗ ಎಡಗಿವಿ ಗೆರಿ 3000ದಿಂದ ಇಳ್ಕೋಂತ ಹೋಗಿ 4000 ಹರ್ಟ್ಸಿನ ಹತ್ರ ಪೂರಾ ಕೆಳಗ ಬಿದ್ದೈತಿ. ಸ್ಟಿರಾಯ್ಡ್ ಗುಳಿಗಿ ಚಾಲು ಮಾಡ್ಯಾರ. ಮೊದಲಿನಂಗ ಆಗತೈತೇನ್ರಿ?

ಡಾಕ್ಟರ್: ಈಗಲೇ ಹೇಳೋಕಾಗಲ್ಲ. 4000ದ ಆ ತಗ್ಗು ಸದ್ದಿನ ಪೆಟ್ಟಿನ ಗುರುತು. ಗುಳಿಗೆ ನಡುವೆ ಬಿಡಬೇಡಿ, ಹೇಳಿದ ಕ್ರಮದಲ್ಲೇ ಡೋಸ್ ಇಳಿಸಿ. ಮರುಪರೀಕ್ಷೆ ಯಾವತ್ತು ಅಂತ ಚೀಟಿಯ ಮೇಲೆ ಬರೆಸಿಕೊಳ್ಳಿ. ಗುಳಿಗೆಯಿಂದ ಸುಧಾರಿಸದಿದ್ದರೆ ಪರದೆಯ ಮೂಲಕ ಇಂಜೆಕ್ಷನ್ ಕೊಡುವ ದಾರಿ ಇದೆ, ಅದನ್ನೂ ಈಗಲೇ ಕೇಳಿಟ್ಟುಕೊಳ್ಳಿ. ಒಂದೇ ಕಿವಿ ಆದ್ದರಿಂದ ಎಂಆರ್‌ಐ ಹೇಳಿದರೆ ಗಾಬರಿಯಾಗಬೇಡಿ, ನರದ ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ಅದು.

ಹುಬ್ಬಳ್ಳಿ: ಬರೋ ವಾರ ಗೆಳ್ಯಾಂದು ಮದವಿ ಮೆರವಣಿಗಿ ಐತ್ರೀ. ದೂರ ನಿಂತ್ರ?

ಡಾಕ್ಟರ್: ಊಟಕ್ಕೆ ಹೋಗಿ. ಮೆರವಣಿಗೆಗೆ ಬೇಡ.

ಇಳಕಲ್: ಅಪ್ಪಂದು ಇಎಸ್‌ಐ ಕೇಳಿದ್ದೆ, ಹಂಗ ಉಳೀತ್ರಿ.

ಅಡ್ಮಿನ್: ಬೈದಾಟ ಮುಂದುವರಿದಿರೋದರಿಂದ ಕಾಮೆಂಟ್ ಬಂದ್ ಮಾಡಿದ್ದೇನೆ.