ಸಹಾಯ ಬೇಕು: ಕೆಲಸದವರಿಗೆ ಬಿಟ್ಟು ಸುಮ್ನಿರೋದು ಹೇಗೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಬೆಣ್ಣೆ ದೋಸೆ ಹೋಟೆಲ್ ಇದೆ. ಕೆಲಸಕ್ಕೆ 5 ಜನ. ಅಪ್ಪ ಹೋದ ಮೇಲೆ 3 ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ.

ತೊಂದರೆ ನನ್ನದೇ. ಅಕ್ಕಿ, ಉದ್ದು, ಮಂಡಕ್ಕಿ ನೆನೆಹಾಕುವುದರಿಂದ ಹಿಡಿದು ಚಟ್ನಿಯ ಉಪ್ಪಿನ ತನಕ ಎಲ್ಲದಕ್ಕೂ ನಾನು ಕೈ ಹಾಕಬೇಕು. ಮೊನ್ನೆ ಭಾನುವಾರ ಜಾಸ್ತಿ ರಶ್ಶು. ಹಂಚಿನ ಪಕ್ಕ ನಿಂತು "ಬೆಣ್ಣೆ ಇನ್ನೊಂಚೂರು ಹಾಕಿ, ಈಗ ತೆಗೀರಿ" ಅಂತ ಹೇಳುತ್ತಲೇ ಇದ್ದೆ. ದೋಸೆ ಭಟ್ಟರು ಸೌಟು ಕೆಳಗಿಟ್ಟರು. "ಅಕ್ಕಾರೆ, ನಿಮ್ಮಪ್ಪಾರು ಇದ್ದಾಗಿಂದ ಹಾಕ್ತಿದೀನಿ. ಅವ್ರು ಒಂದಿನಾನೂ ಹೀಂಗ್ ನಿಂತಿರಲಿಲ್ಲ" ಅಂದರು. ಸಿಟ್ಟಿರಲಿಲ್ಲ. ಕಣ್ಣು ತುಂಬಿತ್ತು. ಸೌದೆ ಹೊಗೆಗೆ ಇರಬಹುದು ಅಂದುಕೊಳ್ಳಲೂ ಆಗಲಿಲ್ಲ ನನಗೆ.

ರುಚಿ ಕೆಟ್ಟರೆ ಅಪ್ಪನ ಹೆಸರು ಹೋಗುತ್ತದೆ ಅನ್ನುವ ಭಯ. ಆದರೆ ಇವರೇ ಬಿಟ್ಟುಹೋದರೆ ರುಚಿ ಎಲ್ಲಿಂದ ಬರಬೇಕು, ಅಲ್ವಾ? ಬೆಳಿಗ್ಗೆ ಹಿಟ್ಟು, ಚಟ್ನಿ ಒಮ್ಮೆ ನೋಡಿ, ಆಮೇಲೆ ಗಲ್ಲಾ ಬಿಟ್ಟು ಏಳಬಾರದು ಅಂದುಕೊಂಡೆ. ಎರಡೇ ದಿನ ನಡೆಯಿತು.

ಹೋಟೆಲ್, ಅಂಗಡಿ ನಡೆಸುವವರು ದಯವಿಟ್ಟು ಹೇಳಿ. ಯಾವುದನ್ನು ನೀವೇ ನೋಡುತ್ತೀರಿ, ಯಾವುದನ್ನು ಪೂರ್ತಿ ಬಿಡುತ್ತೀರಿ? ತಪ್ಪಾದರೆ ಗಿರಾಕಿ ಮುಂದೆ ಅನ್ನದೆ ಯಾವಾಗ ಹೇಳುತ್ತೀರಿ? ಭಟ್ಟರ ಹತ್ತಿರ ನಾಳೆ ನಾನು ಹೇಗೆ ಮಾತಾಡಲಿ?