ಪದಚರ್ಚೆ: ಕೃತಕ ಕೀಲಿನ ಲೋಹದಿಂದ ಕಣ್ಣಿಗಾಗುವ ಹಾನಿಯನ್ನು ‘ನಂಜು’ ಎನ್ನಬಹುದೇ?

ಸದಸ್ಯರಿಗೆ ನಮಸ್ಕಾರ.

ದಾವಣಗೆರೆಯ ಕಣ್ಣಿನ ಆಸ್ಪತ್ರೆಯೊಂದರ ರೋಗಿಗಳಿಗಾಗಿ ಕನ್ನಡ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಸೊಂಟದ ಕೀಲಿಗೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಗುಂಡನ್ನೂ ಬಟ್ಟಲನ್ನೂ ಕೂರಿಸಿದಾಗ ಅವು ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಸವೆದ ಪುಡಿ ಸುತ್ತಲಿನ ಮಾಂಸವನ್ನು ಕಪ್ಪಾಗಿಸುವುದಲ್ಲದೆ, ಕೋಬಾಲ್ಟ್ ರಕ್ತಕ್ಕೂ ಸೇರುತ್ತದೆ. ಅದು ವಿಪರೀತವಾದ ಕೆಲವೇ ರೋಗಿಗಳಲ್ಲಿ ದೃಷ್ಟಿನರ ಸೊರಗಿ ಕಣ್ಣು ಮಂದವಾದದ್ದು, ಬಣ್ಣಗಳ ವ್ಯತ್ಯಾಸ ತಿಳಿಯದಾದದ್ದು, ಜೊತೆಗೆ ಕಿವಿಯೂ ಮಂದವಾದದ್ದು ದಾಖಲಾಗಿದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ, ಇಂಥ ಕೀಲುಳ್ಳವರ ರಕ್ತದಲ್ಲಿ ಈ ಲೋಹಗಳ ಪ್ರಮಾಣ ಲೀಟರಿಗೆ 7 ಮೈಕ್ರೊಗ್ರಾಂ ಮೀರಿದರೆ ಮತ್ತೆ ಪರೀಕ್ಷಿಸಬೇಕೆಂದು ಸೂಚಿಸಿತ್ತು.

ಇದಕ್ಕೆ ‘ಲೋಹವಿಷತೆ’ ಎಂದು ಬರೆದಿದ್ದೆ. ಓದಿದವರೊಬ್ಬರು, ಅದು ಪುಸ್ತಕದ ಮಾತಾಯಿತು, ‘ಲೋಹದ ನಂಜು’ ಎಂದರೆ ಸಾಕು ಎಂದರು. ನಂಜು ಎಂದರೆ ವಿಷವೇ ಎಂಬುದಕ್ಕೆ ನಂಜುಂಡನ ಹೆಸರೇ ಸಾಕ್ಷಿ. ಆದರೆ ನಮ್ಮ ಕಡೆಯ ಮಾತಿನಲ್ಲಿ ಗಾಯ ಕೀವಾದರೂ ನಂಜು, ಬದನೆಕಾಯಿಯೂ ನಂಜು. ಕೃತಕ ಕೀಲಿಗೆ ಸೋಂಕು ತಗಲಿ ಕೀವಾಗುವುದು ಬೇರೆಯೇ ತೊಂದರೆ, ಅದರ ಚಿಕಿತ್ಸೆಯೂ ಬೇರೆ. ಎರಡಕ್ಕೂ ಒಂದೇ ಪದವಾದರೆ ರೋಗಿಯು ಬದನೆಕಾಯಿ ಬಿಟ್ಟು, ಕೀವು ಒಣಗುವ ಮಾತ್ರೆ ಕೇಳಿಕೊಂಡು, ರಕ್ತಪರೀಕ್ಷೆಯನ್ನು ಮರೆತಾನು. ಆದ್ದರಿಂದ ನನ್ನ ಒಲವು ‘ಕೋಬಾಲ್ಟ್ ವಿಷ’ ಎಂಬ ನೇರ ಮಾತಿನ ಕಡೆಗಿದೆ. ‘ವಿಷ’ ಎಂದೊಡನೆ ಯಾರೋ ಹಾಕಿದ್ದು ಎಂಬ ಧ್ವನಿ ಬರುತ್ತದೆಂಬ ಆಕ್ಷೇಪಣೆ ಇದೆ. ‘ಸವೆದ ಕೀಲಿನಿಂದ’ ಎಂದು ಮುಂದೆ ಸೇರಿಸಿದರೆ ಅದು ತಕ್ಕಮಟ್ಟಿಗೆ ಕಡಿಮೆಯಾದೀತು.

ಇನ್ನೊಂದು ತೊಡಕು ಪ್ರಶ್ನಾವಳಿಯದು. ‘ನಿಮಗೆ ಕೀಲು ಬದಲಾಯಿಸಿದ್ದಾರೆಯೇ?’ ಎಂದು ಕೇಳಿದರೆ ಹಳ್ಳಿಯ ಹಿರಿಯರು ಇಲ್ಲವೆನ್ನುತ್ತಾರೆ. ಅವರ ಪಾಲಿಗೆ ಅದು ‘ರಾಡ್ ಹಾಕ್ಯಾರ’. ಮುರಿದ ಮೂಳೆಗೆ ಹಾಕುವ ಸರಳಿಗೂ ಅದೇ ಹೆಸರು, ಅದಕ್ಕೆ ಕೀಲಿನಂತೆ ಹೆಜ್ಜೆಹೆಜ್ಜೆಗೂ ಉಜ್ಜುವ ಕೆಲಸವಿಲ್ಲದಿದ್ದರೂ. ‘ಸೊಂಟ’ ಎಂದರೆ ಬೆನ್ನಿನ ಕೆಳಭಾಗವೆಂದೇ ಹಲವರು ತಿಳಿಯುತ್ತಾರೆ. ಇತ್ತ ಕಣ್ಣು ಮಂಜೆಂದರೆ ಎಲ್ಲರ ಬಾಯಲ್ಲೂ ಪೊರೆ. ಇಳಿವಯಸ್ಸಿನಲ್ಲಿ ಸಾಮಾನ್ಯವಾಗಿ ಅದು ನಿಜವೂ ಹೌದು. ಹಾಗಾಗಿಯೇ ಕೀಲಿನ ಸಂಗತಿ ವೈದ್ಯರ ಕಿವಿಗೆ ಬೀಳದೆ ಉಳಿಯುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ಕಡೆಯವರು ತೊಡೆಯ ಮೂಳೆ ಸೊಂಟಕ್ಕೆ ಕೂಡುವ ಜಾಗವನ್ನು ಏನೆನ್ನುತ್ತಾರೆ? ಇಂಗಳದಾಳಿನ ತಾಮ್ರದ ಗಣಿಯಲ್ಲಿ ದುಡಿದವರ ಮನೆಗಳಲ್ಲಿ, ಲೋಹದ ಪುಡಿ ಮೈಗೆ ಸೇರಿ ಆಗುವ ಕೇಡಿಗೆ ನಂಜಲ್ಲದ ಬೇರೆ ಮಾತೇನಾದರೂ ಬಳಕೆಯಲ್ಲಿತ್ತೇ? ಬಲ್ಲವರು, ಸಾಧ್ಯವಾದರೆ ಕೇಳಿದ ವಾಕ್ಯದ ಸಮೇತ, ತಿಳಿಸಬೇಕಾಗಿ ವಿನಂತಿ.